ಇಂಜಿನ್ನಿಗೆ ಮೂರು ಕೊಂಬು

ನವೆಂಬರ್ ಮುಗಿಯುತ್ತ ಬಂದಿತ್ತು. ಹೆನ್ಶೀರ್ ಲಬ್ಯದ್ ಊರಿನಲ್ಲಿ ಆ ಕಾಲಕ್ಕೆ ಹಗಲು ಹೊತ್ತು ಮನೆಯೊಳಗೆ ಸಿಗುವವರೆಂದರೆ ಹಾಸಿಗೆ ಹಿಡಿದವರು ಮತ್ತು ಬೆಕ್ಕುಗಳು. ಮಿಕ್ಕವರೆಲ್ಲ ಆಲಿವ್ ಮರಗಳ ಬುಡದಲ್ಲಿ, ಇಲ್ಲವೇ ಏಣಿಯ ಮೇಲೆ. ಕೆಂಪು ಮಣ್ಣಿನ ಮೇಲೆ ಬಲೆ ಹಾಸಿ, ಮೇಲಿನ ರೆಂಬೆ ಗಂಡಸರಿಗೆ, ಕೆಳಗಿನದು ಹೆಂಗಸರಿಗೆ ಎಂದು ಹಂಚಿಕೊಂಡು, ಇಬ್ಬನಿ ಆರುವ ಮೊದಲೇ ಕೈಹಚ್ಚಿದರೆ ಹೊತ್ತು ಇಳಿಯುವ ತನಕ ಪಟಪಟನೆ ಕಾಯಿ ಉದುರುವ ಸದ್ದು.

ತಿಜಾನಿಗೆ ಅಪ್ಪನಿಂದ ಬಂದ ಮೂವತ್ತೆಂಟು ಮರ. ಮೂವತ್ತು ವರ್ಷ ಊರ ಶಾಲೆಯ ಗೇಟು ಕಾದು, ಗಂಟೆ ಹೊಡೆದು, ಹೋದ ವರ್ಷ ನಿವೃತ್ತನಾಗಿದ್ದ. ಈಗ ಹೊಡೆಯಲು ಗಂಟೆ ಇಲ್ಲದ್ದರಿಂದ ಮಾತು ಹೊಡೆಯುತ್ತಿದ್ದಾನೆ ಎಂದು ಊರವರ ದೂರು. ಹೆಂಡತಿ ಹಲೂಮಾ, ಕೂಲಿಗೆ ಬಂದ ನಾಲ್ಕು ಹೆಂಗಸರು, ತಂದೆಯ ತಂಗಿ ಶೆಲ್ಬಿಯಾ ಅತ್ತೆ ಎಲ್ಲರೂ ಸೇರಿ ಮಂಗಳವಾರಕ್ಕೆ ಹದಿನಾಲ್ಕು ಚೀಲ ತುಂಬಿದ್ದರು.

ಶೆಲ್ಬಿಯಾ ಅತ್ತೆಗೆ ಎಪ್ಪತ್ತೆಂಟು. ಮಿಕ್ಕವರ ಕೈಯಲ್ಲಿ ಪ್ಲಾಸ್ಟಿಕ್ ಬಾಚಣಿಗೆ ಬಂದು ಎಷ್ಟೋ ವರ್ಷವಾದರೂ ಅತ್ತೆಯದು ಹಳೆಯ ಪದ್ಧತಿ. ಹೆಬ್ಬೆರಳಿಗೆ, ತೋರುಬೆರಳಿಗೆ, ನಡುಬೆರಳಿಗೆ ಒಂದೊಂದು ಟಗರಿನ ಕೊಂಬು ತೊಟ್ಟು ರೆಂಬೆಯನ್ನು ಮೇಲಿನಿಂದ ಕೆಳಕ್ಕೆ ಸವರಿಬಿಡುವುದು. ಎಲೆ ಮರದಲ್ಲೇ ಉಳಿಯುತ್ತದೆ, ಕಾಯಿ ಬಲೆಗೆ ಬೀಳುತ್ತದೆ. ಆ ಮೂರು ಕೊಂಬು ಅವಳ ತಾಯಿಯವು. ಎರಡು ತಲೆಮಾರು ಸವೆದು, ಎಣ್ಣೆ ಕುಡಿದು, ಜೇನಿನ ಬಣ್ಣಕ್ಕೆ ತಿರುಗಿ, ತುದಿ ಪೆನ್ಸಿಲಿನಷ್ಟು ಸಣ್ಣಗಾಗಿದ್ದವು.

"ಬಾಚಣಿಗೇಲಿ ಬಾಚಿದರೆ ಮರಕ್ಕೆ ತಲೆನೋವು ಬರ್ತದೆ" ಎನ್ನುತ್ತಿದ್ದಳು ಅತ್ತೆ. ಮರ ಅವಳಿಗೆ ಬಂದು ಹೇಳಿಕೊಂಡಂತೆ.

ಗಾಣದಲ್ಲಿ ತಿಜಾನಿಯ ಸರದಿ ಗುರುವಾರ ಬೆಳಿಗ್ಗೆ ಎಂಟಕ್ಕೆ. ಗಾಣದ ಯಜಮಾನನ ಕಾನೂನು ಸರಳ. ಸರದಿ ತಪ್ಪಿದವನು ಪಟ್ಟಿಯ ಬಾಲಕ್ಕೆ ಹೋಗಬೇಕು, ಬಾಲ ಆಗಲೇ ಹನ್ನೊಂದು ದಿನ ಉದ್ದವಾಗಿತ್ತು. ಹನ್ನೊಂದು ದಿನ ಚೀಲದಲ್ಲಿ ಕೂತ ಕಾಯಿ ಕಾವು ಹಿಡಿದು ಹುಳಿಯಾಗುತ್ತದೆ. ಆಮೇಲೆ ಬರುವುದನ್ನು ಎಣ್ಣೆ ಎಂದು ಕರೆಯಬೇಕಾದರೆ ಧೈರ್ಯ ಬೇಕು. ವರ್ಷದ ಅಡುಗೆ, ಮಗಳ ಮನೆಗೆ ಕಳಿಸುವ ಡಬ್ಬಿಗಳು, ಮಾರಿ ಬರುವ ನಾಲ್ಕು ದಿನಾರ್, ಎಲ್ಲ ಆ ಹದಿನಾಲ್ಕು ಚೀಲದಲ್ಲೇ ಇತ್ತು. ಚೀಲಗಳು ಗಾಣಕ್ಕೆ ಹೋಗಬೇಕಾದದ್ದು ತಿಜಾನಿಯ ಹಳೆಯ ವ್ಯಾನಿನಲ್ಲಿ. ವ್ಯಾನು ಕೆಮ್ಮುತ್ತಿತ್ತು.

ಮಂಗಳವಾರ ಮಧ್ಯಾಹ್ನ ಅದನ್ನು ಕಾಫಿ ಅಂಗಡಿಯ ಪಕ್ಕದ ಮೆಕ್ಯಾನಿಕ್ ಲಸ್ಸಾದನ ಮುಂದೆ ನಿಲ್ಲಿಸಿದ. ಲಸ್ಸಾದ್ ಬಾನೆಟ್ ಎತ್ತಿ, ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು ನೋಡಿ, ನಾಲಿಗೆಯಿಂದ 'ಚ್ಚ್' ಎಂದ. ಮೆಕ್ಯಾನಿಕ್ಕುಗಳು ಹಾಗೆ ಒಂದು ಸಲ ಚ್ಚ್ ಎಂದರೆ ನೂರು ದಿನಾರ್ ಎಂದು ಅಲ್ಲಿನವರ ಲೆಕ್ಕ. ಹೆಸರಿನ ಮುಂದೆ 'ಸೀ' ಸೇರಿಸಿ ಮರ್ಯಾದೆ ಕೊಟ್ಟರೆ ಇನ್ನೂ ಹೆಚ್ಚು.

"ಟೈಮಿಂಗ್ ಬೆಲ್ಟ್, ಸೀ ತಿಜಾನಿ. ನೋಡು, ಬಿರುಕು ಬಿಟ್ಟಿದೆ. ಇದೇನಾದ್ರೂ ಓಡ್ತಾ ಇರೋವಾಗ ಹರೀತು ಅಂತಿಟ್ಕೋ, ಒಳಗೆ ಮೇಲಿಂದು ಕೆಳಗಿಂದಕ್ಕೆ ಗುದ್ದಿ ಇಂಜಿನ್ನೇ ಚಿಂದಿ. ಆಮೇಲೆ ಈ ಗಾಡೀಲಿ ನೀನು ಕೋಳಿ ಸಾಕಬಹುದು."

"ಹಾಗಾದ್ರೆ ಹಾಕಿಬಿಡು."

"ಹಾಕ್ತೀನಿ. ಮುಂದಿನ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ."

"ಗುರುವಾರ ನನ್ನ ಸರದಿ ಕಣಪ್ಪಾ!"

"ಊರಲ್ಲಿ ಎಲ್ಲರದ್ದೂ ಸರದಿನೇ. ಆ ಕಡೆ ನೋಡು." ನಿಜ, ಆ ಕಡೆ ಹನ್ನೆರಡು ಗಾಡಿಗಳು ಬಾಯಿ ತೆರೆದು ನಿಂತಿದ್ದವು.

ಕಾಫಿ ಅಂಗಡಿಯ ಹೊರಗೆ ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ಈ ಕಡೆ ತಿರುಗಿದರು. ಅವರಲ್ಲಿ ಪಕ್ಕದ ಮನೆಯ ಬುರಾವಿಯೂ ಇದ್ದ. ತಿಜಾನಿ ಮಾತು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆರು ಜನ ನೋಡುತ್ತಿರುವಾಗ ಮಾತು ನಿಲ್ಲಿಸುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

"ಒಂದು ಬೆಲ್ಟ್ ತೆಗೆದು ಒಂದು ಬೆಲ್ಟ್ ಹಾಕೋದಕ್ಕೆ ಎರಡು ವಾರವಾ? ನಮ್ಮ ಹಲೂಮಾ ಹೊಲಿಗೆ ಮಿಶಿನ್ನಿನ ಬೆಲ್ಟನ್ನ ಒಲೆ ಮೇಲೆ ಕುಸ್ಕುಸ್ ಇಟ್ಟು ಹಾಕ್ತಾಳೆ. ನಾನೇ ಹಾಕ್ಕೋತೀನಿ, ಕೊಡು ಬೆಲ್ಟು."

ಲಸ್ಸಾದ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋಗಿ ಪೊಟ್ಟಣವೊಂದನ್ನು ತಂದುಕೊಟ್ಟ.

"ಬೆಲ್ಟು, ಅದನ್ನ ಒತ್ತಿ ಹಿಡಿಯೋ ರೋಲರ್ರು. ಕೇಳಿಸ್ಕೋ, ಎರಡೇ ಮಾತು. ಹಲ್ಲಿನ ಚಕ್ರ ಮೂರಿವೆ, ಮೂರಕ್ಕೂ ತೂತಿದೆ. ಆ ತೂತಿಗೆ ಬೋಲ್ಟ್ ತೂರಿಸಿ ಅಲುಗದ ಹಾಗೆ ಹಿಡಿದು ಆಮೇಲೆ ಬೆಲ್ಟ್ ಬಿಚ್ಚು. ಎಲ್ಲ ಆದ ಮೇಲೆ ಕೀಲಿ ತಿರುಗಿಸೋ ಮೊದಲು ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡು. ಇನ್ನು ದೇವರುಂಟು, ನೀನುಂಟು."

"ದೇವರಿಗೂ ನನಗೂ ಬಹಳ ದಿನದ ಪರಿಚಯ" ಎಂದು ತಿಜಾನಿ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡ.

ಬುಧವಾರ ಬೆಳಿಗ್ಗೆ ಅಂಗಳದ ಅಂಜೂರದ ಮರದ ಕೆಳಗೆ ಕೆಲಸ ಶುರುವಾಯಿತು. ಜಾಕಿ ಏರಿಸಿ ಮುಂದಿನ ಬಲಗಾಲಿ ಕಳಚಿದ. ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಕುಸ್ಕುಸ್ ಬಡಿಸುವ ದೊಡ್ಡ ಮಣ್ಣಿನ ಬೋಗುಣಿಗೆ ಹಾಕಿದ. ಹಲೂಮಾ ತೋಟಕ್ಕೆ ಹೊರಟವಳು ಅದನ್ನು ನೋಡಿ ನಿಂತಳು.

"ಅಲ್ಲ ಮಾರಾಯ, ನಾಳೆ ಅದರಲ್ಲೇ ಊಟ ಬಡಿಸ್ಲಾ?"

"ಒಂದೂ ಕಳೀಬಾರ್ದು ಅಂತ ಹಾಕಿದೀನಿ. ತೋಟಕ್ಕೆ ಹೋಗು."

"ಹೋಗ್ತೀನಿ. ಬರೋವಾಗ ಗಾಡಿ ಚೀಲದಲ್ಲಿ, ಚೀಲ ಹೊರಗಡೆ ಆಗಿರಬಾರ್ದು ಅಷ್ಟೇ." ಅವಳು ಕನ್ನಡಿಗೆ ಕಟ್ಟಿದ್ದ ಒಣ ಮೀನಿನ ಬಾಲವನ್ನು ಒಮ್ಮೆ ಮುಟ್ಟಿ ಹೋದಳು. ದೃಷ್ಟಿ ತಾಗದಿರಲಿ ಎಂದು ಗಾಡಿ ಕೊಂಡ ದಿನವೇ ಅದನ್ನು ಅವಳೇ ಕಟ್ಟಿದ್ದು.

ಮುಚ್ಚಳಗಳು ಬಂದವು. ಮೂರು ಹಲ್ಲಿನ ಚಕ್ರಗಳು ಕಂಡವು. ಮೇಲೆ ಒಂದು, ಪಕ್ಕದಲ್ಲಿ ಒಂದು, ಗಾಲಿ ಕಳಚಿದ ಕಡೆಯಿಂದ ಕೈಹಾಕಿದರೆ ಸಿಗುವಂತೆ ಕೆಳಗೆ ಒಂದು. ತೂತುಗಳೂ ಇದ್ದವು. ಶಾಲೆಯಿಂದ ಬರುವಾಗ ತಂದಿದ್ದ ಬಿಳಿ ಬಣ್ಣದ ಶೀಶೆಯಿಂದ ಚಕ್ರಗಳ ಮೇಲೂ ಬೆಲ್ಟಿನ ಮೇಲೂ ಗುರುತು ಹಾಕಿದ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಆದರೆ ಮನೆಯ ಬೋಲ್ಟುಗಳಲ್ಲಿ ಒಂದೂ ಆ ತೂತುಗಳಿಗೆ ಕೂರಲಿಲ್ಲ. ಮಂಚದ್ದು ದಪ್ಪ, ಬಾಗಿಲದ್ದು ಗಿಡ್ಡ, ಸೈಕಲ್ಲಿನದು ಗಡಗಡ ಅಲುಗಾಡುತ್ತದೆ. ಲಸ್ಸಾದನ ಬಳಿ ಹೋಗಿ ಕೇಳಬಹುದು. ಕೇಳಿದರೆ ಇಸ್ಪೀಟಿನ ಆರು ಜನರೂ ಕೇಳಿಸಿಕೊಳ್ಳುತ್ತಾರೆ.

ಆ ಬೆಳಿಗ್ಗೆ ಮಂಡಿ ನೋವೆಂದು ಶೆಲ್ಬಿಯಾ ಅತ್ತೆ ತೋಟಕ್ಕೆ ಹೋಗದೆ ಅಂಗಳದಲ್ಲೇ ಕೂತು ಕಾಯಿಯಿಂದ ಎಲೆ ಆರಿಸುತ್ತಿದ್ದಳು. ಮೂರು ಕೊಂಬು ಪಕ್ಕದ ಚಾಪೆಯ ಮೇಲಿದ್ದವು. ತಿಜಾನಿಯ ಕಣ್ಣು ಅವುಗಳ ತುದಿಗೆ ಬಿತ್ತು.

"ಅತ್ತೆ, ಅವನ್ನ ಒಂದು ಗಳಿಗೆ ಕೊಡ್ತೀಯಾ?"

"ಯಾಕೆ, ಗಾಡೀಲೂ ಕಾಯಿ ಬಿಟ್ಟಿದೆಯಾ?"

"ಚಕ್ರ ಹಿಡಿಯೋಕೆ. ಮಧ್ಯಾಹ್ನದ ಹೊತ್ತಿಗೆ ವಾಪಸ್."

"ನಮ್ಮಮ್ಮಂದು ಅವು. ಲಗ್ನದಲ್ಲಿ ನನಗೆ ಚಿನ್ನ ಕೊಡಲಿಲ್ಲ, ಅವನ್ನ ಕೊಟ್ಟಳು. ಮೂರು ಕೊಡ್ತಾ ಇದೀನಿ, ಮೂರು ವಾಪಸ್ ಬರಬೇಕು. ಎರಡೂವರೆ ತಂದರೆ ನಾನು ಲೆಕ್ಕ ಬಲ್ಲೆ."

ಕೊಂಬಿನ ತುದಿ ತೂತಿನೊಳಗೆ ಸಲೀಸಾಗಿ ಇಳಿಯಿತು. ಇಳಿಯುತ್ತ ಇಳಿಯುತ್ತ ಬಿಗಿಯಾಗಿ, ಹೇಳಿ ಮಾಡಿಸಿದಂತೆ ಕಚ್ಚಿಕೊಂಡಿತು. ಬೋಲ್ಟಾದರೆ ಸ್ವಲ್ಪ ಸಡಿಲ ಇರುತ್ತದೆ, ಕೊಂಬಿಗೆ ಅದೂ ಇಲ್ಲ. ಎರಡನೆಯದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುವಾಗ 'ಟಿಕ್' ಎಂದು ಒಂದು ಸದ್ದು ಬಂತು. ತಿಜಾನಿ ಅತ್ತೆಯ ಕಡೆ ನೋಡಿದ. ಅವಳು ಎಲೆ ಆರಿಸುತ್ತಿದ್ದಳು. ಆ ಸದ್ದು ತನಗೆ ಕೇಳಿಸಲೇ ಇಲ್ಲ ಎಂದು ತಿಜಾನಿ ಅಲ್ಲೇ ತೀರ್ಮಾನಿಸಿದ. ಮೂರನೆಯದನ್ನು ಕೆಳಗಿನ ಚಕ್ರಕ್ಕೆ ತೂರಿಸಿ ಹಳೆಯ ಬೆಲ್ಟನ್ನು ಎಳೆದು ತೆಗೆದ. ಚಕ್ರಗಳು ಕೂದಲೆಳೆಯಷ್ಟೂ ಅಲುಗಲಿಲ್ಲ.

ಇದೇ ಹೊತ್ತಿಗೆ ಬುರಾವಿ ಗೋಡೆಯಾಚೆಯಿಂದ ತಲೆ ಎತ್ತಿದ. ತಿಜಾನಿ ಎಷ್ಟರ ಮಟ್ಟಿಗೆ ಕೆಡಿಸಿದ್ದಾನೆಂದು ನೋಡಿ ಕಾಫಿ ಅಂಗಡಿಗೆ ವರದಿ ಒಪ್ಪಿಸುವುದು ಅವನ ಆ ಬೆಳಗಿನ ಕೆಲಸವಾಗಿತ್ತು. ಅವನು ಕಂಡದ್ದು ಇಷ್ಟು: ತೆರೆದ ಇಂಜಿನ್ನು, ಅದರೊಳಗಿಂದ ಹೊರಚಾಚಿದ ಟಗರಿನ ಕೊಂಬುಗಳು, ಅದರ ಮುಂದೆ ಮಂಡಿಯೂರಿ ಏನೋ ಗೊಣಗುತ್ತಿದ್ದ ತಿಜಾನಿ. ಅವನು ಗೊಣಗುತ್ತಿದ್ದದ್ದು ಬೆಲ್ಟಿನ ಹಲ್ಲುಗಳ ಎಣಿಕೆ. ಗೋಡೆಯಾಚೆಗೆ ಅದು ಬೇರೆ ಥರ ಕೇಳಿಸಿತು.

ಬುರಾವಿ ತಲೆ ಇಳಿಸಿದ.

ಕಾಲು ಗಂಟೆಯಲ್ಲಿ ಕಾಫಿ ಅಂಗಡಿಗೆ ಗೊತ್ತಾಯಿತು, ತಿಜಾನಿ ಇಂಜಿನ್ನಿಗೆ ಕೊಂಬು ಕಟ್ಟಿ ಮಂತ್ರ ಹಾಕುತ್ತಿದ್ದಾನೆ ಎಂದು. ಮೀನಿನ ಬಾಲವಾದರೆ ಕನ್ನಡಿಗೆ, ಕೊಂಬಾದರೆ ಬಾಗಿಲಿಗೆ. ಇಂಜಿನ್ನಿನ ಹೊಟ್ಟೆಯೊಳಗೇ ಇಡುವುದನ್ನು ಯಾರೂ ಕೇಳಿರಲಿಲ್ಲ. ತಾಯಿತ ಕಟ್ಟುವ ಯಾರೋ ದೊಡ್ಡ ಶೇಖ್ ಹೇಳಿಕೊಟ್ಟಿರಬೇಕು. ಅರ್ಧ ಗಂಟೆಯಲ್ಲಿ ಮಾತು ತೋಟಗಳನ್ನು ಮುಟ್ಟಿತು. ಅಲ್ಲಿಗೆ ಬರುವಷ್ಟರಲ್ಲಿ ಟಗರು ಕಪ್ಪಗಾಗಿತ್ತು. ಆಚೆಯ ತೋಟದಲ್ಲಿ ಕೊಂಬು ಏಳಾದವು. ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಪ್ರಕಾರ ಬೆಲ್ಟೇ ಬೇಕಾಗಿಲ್ಲ, ಕೊಂಬು ಇಟ್ಟರೆ ಸಾಕು, ಡೀಸೆಲ್ಲೂ ಅರ್ಧಕ್ಕಿಳಿಯುತ್ತದೆ.

ಹನ್ನೊಂದರ ಹೊತ್ತಿಗೆ ಅಂಗಳದ ಬೇಲಿಗೆ ಜನ ಆನಿಕೊಂಡಿದ್ದರು.

"ಸೀ ತಿಜಾನಿ, ಎಡಗೊಂಬಾ ಬಲಗೊಂಬಾ?" ಎಂದು ಒಬ್ಬ ಕೇಳಿದ.

"ಯಾವುದಾದ್ರೂ ಆಗ್ತದೆ. ತುದಿ ಸಣ್ಣಗಿರಬೇಕು ಅಷ್ಟೇ."

ಬೇಲಿಯ ಉದ್ದಕ್ಕೂ ಪಿಸುಮಾತು ಓಡಿತು: ತುದಿ ಸಣ್ಣಗಿರಬೇಕಂತೆ.

"ಎಷ್ಟು ಹೊತ್ತು ಇಡಬೇಕು?"

"ಬೆಲ್ಟು ಕೂರೋ ತನಕ."

"ಯಾವಾಗ ತೆಗೀಬೇಕು?"

"ತೆಗೀದಿದ್ರೆ ಇಂಜಿನ್ ಒಡೆದು ಹೋಗ್ತದೆ!"

"ಯಾ ಲತೀಫ್" ಎಂದು ಹಿಂದೆ ನಿಂತಿದ್ದ ಒಬ್ಬಳು ಎದೆ ಮುಟ್ಟಿಕೊಂಡಳು. ಅಷ್ಟು ಉಗ್ರವಾದದ್ದೆಂದು ಅವಳಿಗೆ ಗೊತ್ತಿರಲಿಲ್ಲ.

ತಿಜಾನಿಗಾದರೋ ತನ್ನ ಕೈಚಳಕ ನೋಡಲು ಊರು ಬಂದಿದೆ ಎಂಬ ಸಂತೋಷ. ಹೊಸ ಬೆಲ್ಟನ್ನು ಗುರುತಿಗೆ ಗುರುತು ಕೂಡಿಸಿ ಏರಿಸಿದ. ರೋಲರನ್ನು ಒತ್ತಿ ಬೆಲ್ಟು ಬಿಗಿಮಾಡಿದ. ರೋಲರಿನ ನಟ್ಟನ್ನು ಬೆರಳಿನಿಂದ ತಿರುಗಿಸಿ ಕೂರಿಸಿ, ಪಾನಾಕ್ಕೆಂದು ಹಿಂದಕ್ಕೆ ಕೈಚಾಚಿದ.

"ಸೀ ತಿಜಾನಿ!"

ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಊರಿನ ಉಮ್ದಾ ಸೀ ತುಹಾಮಿ ಬರುತ್ತಿದ್ದರು. ಉಮ್ದಾ ಎಂದರೆ ಊರಿನಲ್ಲಿ ಸರಕಾರದ ಕಣ್ಣು, ಕಿವಿ, ಮತ್ತು ಠಸ್ಸೆ. ಕಂಕುಳಲ್ಲಿ ಕಡತ ಇಲ್ಲದೆ ಅವರು ಮದುವೆಗೂ ಹೋದವರಲ್ಲ. ತಿಜಾನಿ ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ.

"ನನಗೆ ಎರಡು ದೂರು ಬಂದಿವೆ" ಎಂದರು ಉಮ್ದಾ. "ಒಂದು, ಪರವಾನಗಿ ಇಲ್ಲದೆ ಗ್ಯಾರೇಜ್ ತೆರೆದಿದ್ದೀಯ. ಎರಡು, ಇಂಜಿನ್ನಿನ ಮೇಲೆ ಮಾಟ."

"ಮಾಟವಾ? ಇದು ಟೈಮಿಂಗ್ ಬೆಲ್ಟ್, ಸೀ ತುಹಾಮಿ!"

"ಬೆಲ್ಟಿಗೆ ಕೊಂಬಿರ್ತದಾ?"

"ಅದು ಚಕ್ರ ಹಿಡಿಯೋಕೆ."

"ಹಿಡಿಯೋದು ಯಾರು? ಅಂದರೆ, ಯಾವ ಶಕ್ತಿ?" ಉಮ್ದಾ ಬೇಲಿಯ ಕಡೆ ತಿರುಗಿದರು. "ಎಲ್ಲ ಹೋಗಿ! ವಿಚಾರಣೆ ನಡೀತಾ ಇದೆ." ಯಾರೂ ಹೋಗಲಿಲ್ಲ. ಉಮ್ದಾ ತಿಜಾನಿಯ ತೋಳು ಹಿಡಿದು ಮನೆಯ ಹಿಂದಕ್ಕೆ, ಚೀಲಗಳನ್ನು ಒಟ್ಟಿದ್ದ ಕಡೆಗೆ ಕರೆದೊಯ್ದರು. ತಿಜಾನಿ ಎರಡು ಲೋಟ ಚಹಾ ತಂದ. ಅರ್ಧ ಲೋಟದ ತನಕ ಉಮ್ದಾ ಸರಕಾರದ ದನಿಯಲ್ಲಿ ಮಾತಾಡಿದರು. ಆಮೇಲೆ ದನಿ ಇಳಿಯಿತು.

"ನೋಡು ತಿಜಾನಿ. ನಾನು ಓದಿದವನು, ಇದನ್ನೆಲ್ಲ ನಂಬೋನಲ್ಲ. ಆದರೆ ನನ್ನ ಕಾರು ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗ್ತಾ ಇಲ್ಲ. ಮೂರು ವಾರ ಆಯ್ತು. ಲಸ್ಸಾದ್ ಮುಂದಿನ ತಿಂಗಳು ಅಂತಾನೆ."

"ಬ್ಯಾಟರಿ ಇರಬಹುದು, ಸೀ ತುಹಾಮಿ."

"ಬ್ಯಾಟರಿ ಹೊಸದು." ಉಮ್ದಾ ಹಿಂದೆ ಮುಂದೆ ನೋಡಿದರು. "ಒಂದು ಸಾಕಾ, ಮೂರೂ ಬೇಕಾ?"

"ಏನು?"

"ಕೊಂಬು."

ತಿಜಾನಿ ಅಲ್ಲಿ ಕೂತು ಚಕ್ರ, ತೂತು, ಬೋಲ್ಟು ಎಂದು ಮೊದಲಿನಿಂದ ವಿವರಿಸಿದ. ಉಮ್ದಾ ತಲೆದೂಗುತ್ತ ಕೇಳಿದರು. ಕೊನೆಗೆ ಎದ್ದು, "ಗುಟ್ಟು ಬಿಟ್ಟುಕೊಡೋಕೆ ನಿನಗೆ ಇಷ್ಟ ಇಲ್ಲ, ಬಿಡು. ನಾನಾದರೂ ಹಾಗೇ ಮಾಡ್ತಿದ್ದೆ" ಎಂದು ಹೊರಟರು. ದೂರಿನ ಮಾತು ಮತ್ತೆ ಎತ್ತಲಿಲ್ಲ.

ಎಲ್ಲ ಸೇರಿ ಮುಕ್ಕಾಲು ಗಂಟೆ ಹೋಗಿತ್ತು. ಬೇಲಿಯ ಜನ ಕಾದು ಸಾಕಾಗಿ ಎಂದೋ ಚದುರಿದ್ದರು. ಅತ್ತೆಯ ಚಾಪೆಯೂ ಖಾಲಿ. ಎಲೆ ಆರಿಸಿ ಬೇಸತ್ತು ತೋಟಕ್ಕೆ ಹೋಗಿರಬೇಕು. ತಿಜಾನಿ ಅವಸರ ಅವಸರವಾಗಿ ಕೊಂಬು ಕಿತ್ತು ಬೋಗುಣಿಗೆ ಹಾಕಿದ. ತಲೆಯಲ್ಲಿ ಇನ್ನೂ ಉಮ್ದಾ ಓಡಾಡುತ್ತಿದ್ದರು. ಲಸ್ಸಾದ್ ಹೇಳಿದಂತೆ ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿದ. ಸರಾಗವಾಗಿ ತಿರುಗಿತು. ಗುರುತಿಗೆ ಗುರುತು ಕೂಡಿತು. ಮುಚ್ಚಳ ಹಾಕಿದ, ಗಾಲಿ ಹಾಕಿದ, ಜಾಕಿ ಇಳಿಸಿದ. ಬೋಗುಣಿಯಲ್ಲಿ ಕೊಂಬು ಬಿಟ್ಟರೆ ಒಂದು ಬೋಲ್ಟೂ ಉಳಿಯಲಿಲ್ಲ. ಇಂಥ ಕೆಲಸದಲ್ಲಿ ಒಂದೂ ಮಿಗದಿರುವುದು ದೊಡ್ಡ ಮೆಕ್ಯಾನಿಕ್ಕುಗಳಿಗೂ ಅಪರೂಪ ಎಂದು ಅವನು ಗಟ್ಟಿಯಾಗಿಯೇ ಹೇಳಿದ. ಕೇಳಿಸಿಕೊಂಡದ್ದು ಬೆಕ್ಕು.

ಅಷ್ಟರಲ್ಲಿ ಹಲೂಮಾ ಬಂದಳು. ಕಾರ್ಯಕ್ರಮದ ಕೊನೆಯ ಭಾಗಕ್ಕೆಂದು ಬುರಾವಿಯನ್ನು ಮುಂದಿಟ್ಟುಕೊಂಡು ಬೇಲಿಯ ಜನವೂ ಮತ್ತೆ ಬಂದರು. ತಿಜಾನಿ ಕೀಲಿ ಎತ್ತಿ ಎಲ್ಲರಿಗೂ ತೋರಿಸಿದ. ಹಲೂಮಾ ತೊಳೆಯಲೆಂದು ಬೋಗುಣಿ ಎತ್ತಿಕೊಂಡಳು.

"ಅಲ್ಲ, ಇದರಲ್ಲಿ ಎರಡೇ ಇವೆಯಲ್ಲ."

"ಏನು ಎರಡೇ?"

"ಕೊಂಬು."

ತಿಜಾನಿ ಎತ್ತಿದ್ದ ಕೀಲಿ ಇಳಿಸಿದ. ಮೇಲಿನದನ್ನು ಕಿತ್ತದ್ದು ನೆನಪಿದೆ. ಪಕ್ಕದ್ದನ್ನು ಕಿತ್ತದ್ದು ನೆನಪಿದೆ. ಕೆಳಗಿನದು? ನೆನಪಿದ್ದದ್ದು ಉಮ್ದಾರ ಮುಖ ಮಾತ್ರ.

"ಚಕ್ರ ತಿರುಗಿತು. ತೂತಿನಲ್ಲಿ ಇದ್ದಿದ್ರೆ ತಿರುಗ್ತಾನೇ ಇರಲಿಲ್ಲ" ಎಂದ.

"ಹಾಗಾದ್ರೆ ಒಳಗೆ ಬಿದ್ದಿದೆ" ಎಂದ ಬುರಾವಿ. ಸಮಾಧಾನದ ಮಾತಾಡುವುದು ಅವನಿಗೆ ಚಿಕ್ಕಂದಿನಿಂದ ಬಾರದು. "ಬೆಲ್ಟಿನ ಸಂದೀಲಿ ಕೂತಿದೆ. ನೀನು ಕೀಲಿ ತಿರುಗಿಸು, ಅದು ಬೆಲ್ಟನ್ನ ಎತ್ತಿ ಎಸೀತದೆ. ಮೇಲಿಂದು ಕೆಳಗಿಂದಕ್ಕೆ ಗುದ್ದಿ..."

"ಗೊತ್ತು! ಕೋಳಿ ಸಾಕಬಹುದು!"

ಮತ್ತೆ ಜಾಕಿ ಏರಿತು. ಗಾಲಿ ಬಂತು. ಮುಚ್ಚಳ ಬಂತು. ಬೋಲ್ಟುಗಳು ಮತ್ತೆ ಬೋಗುಣಿಗೆ ಬಿದ್ದವು. ಒಬ್ಬ ಅಯಸ್ಕಾಂತ ತಂದ; ಕೊಂಬಿಗೆ ಅಯಸ್ಕಾಂತ ಹತ್ತುವುದಿಲ್ಲ ಎಂದು ಅವನಿಗೆ ಹೇಳಲು ಮೂರು ಜನ ಬೇಕಾಯಿತು. ತಿಜಾನಿ ಬೆಲ್ಟಿನ ಹಿಂದೆ, ಚಕ್ರಗಳ ಸಂದಿಯಲ್ಲಿ, ಇಂಜಿನ್ನಿನ ಬೆನ್ನಿನಲ್ಲಿ ಬೆರಳಾಡಿಸಿದ. ಕೊಂಬು ಇರಲಿಲ್ಲ. ಬೆರಳಾಡಿಸುತ್ತ ಆಡಿಸುತ್ತ ರೋಲರಿನ ನಟ್ಟಿಗೆ ಬೆರಳು ತಾಗಿತು.

ನಟ್ಟು ಗಿರ್ರನೆ ತಿರುಗಿತು.

ತಿಜಾನಿ ಮತ್ತೆ ಮುಟ್ಟಿದ. ಮತ್ತೆ ತಿರುಗಿತು. ಎರಡು ಬೆರಳಿಗೆ, ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ. ಉಮ್ದಾ ಕರೆದಾಗ ಪಾನಾಕ್ಕೆ ಚಾಚಿದ್ದ ಕೈ ಪ್ಯಾಂಟಿಗೆ ಒರೆಸಿಕೊಂಡಿತ್ತು. ನಟ್ಟಿಗೆ ಪಾನಾ ಸೋಕಿಯೇ ಇರಲಿಲ್ಲ. ಕೈಯಲ್ಲಿ ಎರಡು ಸುತ್ತು ತಿರುಗಿಸುವಷ್ಟಕ್ಕೆ ಅದು ತಡೆದಿತ್ತು. ಗಾಣದ ದಾರಿಯ ಮೊದಲ ಏರಿಗೆ ಬಿಚ್ಚಿಕೊಂಡು, ಬೆಲ್ಟು ಜಾರಿ, ಇಂಜಿನ್ನೂ ಹೋಗಿ, ಹದಿನಾಲ್ಕು ಚೀಲ ರಸ್ತೆಯಲ್ಲಿ ಕೂರುತ್ತಿದ್ದವು.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮದುವೆಯಾದಂದಿನಿಂದ ಇಷ್ಟು ಹೊತ್ತು ಗಂಡ ಸುಮ್ಮನಿದ್ದದ್ದನ್ನು ಕಾಣದ ಹಲೂಮಾ ಹೆದರಿ ನೀರು ತಂದಳು. ನೀರು ಕುಡಿದು ತಿಜಾನಿ ನಟ್ಟು ಬಿಗಿಯಲಿಲ್ಲವೆಂಬ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದ.

ಬೇಲಿಯ ಬಳಿ ಬುರಾವಿ ಟೋಪಿ ತೆಗೆದು ಮೆಲ್ಲಗೆ ಹೇಳಿದ:

"ಕೊಂಬೇ ತೋರಿಸಿಕೊಡ್ತು."

"ಏನಂದೆ?"

"ತಾನು ಮಾಯವಾಗಿ ಮತ್ತೆ ಬಿಚ್ಚಿಸ್ತು. ಇಲ್ಲದಿದ್ರೆ ನೀನು ಬಿಚ್ತಿದ್ಯಾ?"

ತಿಜಾನಿ ಪಾನಾ ಹಾಕಿ, ಎರಡೂ ಕೈಯಿಂದ, ಹಣೆಯ ನರ ಉಬ್ಬುವ ತನಕ ನಟ್ಟು ಬಿಗಿದ. ಮುಚ್ಚಳ ಮಾತ್ರ ಹಾಕಲಿಲ್ಲ. ನಟ್ಟು ಸರಿಹೋಯಿತು, ಕೊಂಬು ಸಿಗಲಿಲ್ಲವಲ್ಲ! ಎಲ್ಲಿ ಅವಿತಿದೆಯೋ ತಿಳಿಯದೆ ಕೀಲಿ ತಿರುಗಿಸುವ ಧೈರ್ಯ ಅವನಿಗಿಲ್ಲ. ಬಿಸಿಲು ಅಂಜೂರದ ಮರದಿಂದ ಗೋಡೆಗೆ ಸರಿಯಿತು. ನಾಳೆ ಎಂಟು ಗಂಟೆ ಹತ್ತಿರವಾಗುತ್ತಿತ್ತು. ಹಲೂಮಾ ಒಂದು ಚೀಲದೊಳಗೆ ಕೈತೂರಿಸಿ, "ಬೆಚ್ಚಗಾಗಿದೆ ಆಗಲೇ" ಎಂದಳು.

ಆಗ ತೋಟದ ದಾರಿಯಲ್ಲಿ ಶೆಲ್ಬಿಯಾ ಅತ್ತೆ ಬುಟ್ಟಿ ಹೊತ್ತು ಕುಂಟುತ್ತ ಬಂದಳು. ಬುಟ್ಟಿ ಇಳಿಸಿ, ಸೊಂಟ ನೀವಿಕೊಂಡು, ಜನರನ್ನು ನೋಡಿ, "ಯಾರು ಸತ್ತರು?" ಎಂದಳು.

ಸೊಂಟದ ಮೇಲಿದ್ದ ಅವಳ ಬಲಗೈಯ ಹೆಬ್ಬೆರಳಿನಲ್ಲಿ ಜೇನಿನ ಬಣ್ಣದ ಕೊಂಬು ಇತ್ತು.

"ಅತ್ತೆ!" ತಿಜಾನಿ ಎದ್ದ. "ಅದು... ಅದೆಲ್ಲಿತ್ತು?"

"ಎಲ್ಲಿತ್ತು ಅಂದ್ರೆ? ನಿನ್ನ ಗಾಡಿಯ ಗಾಲಿಯಿರೋ ಕಡೆ ಚುಚ್ಚಿಟ್ಟಿದ್ದೆಯಲ್ಲ. ಮಧ್ಯಾಹ್ನಕ್ಕೆ ಕೊಡ್ತೀನಿ ಅಂದವನು ಉಮ್ದಾರ ಜೊತೆ ಚಹಾ ಕುಡೀತಾ ಕೂತೆ. ಕೆಳಗಿನ ರೆಂಬೆಗೆ ಹೆಬ್ಬೆರಳಿಂದು ಒಂದಿದ್ರೂ ಸಾಕು ಅಂತ ಕಿತ್ಕೊಂಡು ಹೋದೆ. ಯಾಕೆ, ನಿನ್ನ ಗಾಡಿ ಬಾಲದಲ್ಲಿ ಕಾಯಿ ಬಿಡಿಸ್ಲಾ?"

ಕೊಂಬು ಕಿತ್ತಾಗ ಹೊಸ ಬೆಲ್ಟು ಏರಿಯಾಗಿತ್ತು, ಆದ್ದರಿಂದ ಏನೂ ಕೆಟ್ಟಿರಲಿಲ್ಲ. ತಿಜಾನಿ ಅತ್ತೆಯ ಹೆಬ್ಬೆರಳನ್ನು ಕೊಂಬು ಸಮೇತ ಕಣ್ಣಿಗೊತ್ತಿಕೊಂಡ. ಇವನಿಗೆ ಬಿಸಿಲು ಬಡಿದಿದೆ ಎಂದುಕೊಂಡಳು ಅವಳು.

"ನೋಡಿದ್ರಾ?" ಎಂದ ಬುರಾವಿ ಬೇಲಿಯ ಕಡೆ ತಿರುಗಿ. "ತೋಟಕ್ಕೆ ಹೋಗಿತ್ತು. ಕೆಲಸ ಮುಗಿದ ಮೇಲೆ ತಾನೇ ಬಂತು."

"ನಾನು ಕಣೋ ತಗೊಂಡು ಹೋಗಿದ್ದು, ಹುಚ್ಚಪ್ಪಾ!"

"ನೀನೇ ತಗೊಂಡೆ, ಅಜ್ಜಿ. ನೀನು ತಗೊಳ್ಳೋ ಹಾಗೆ ಮಾಡಿದ್ದು ಯಾರು?"

ಅತ್ತೆ ಬುಟ್ಟಿ ಎತ್ತಿಕೊಂಡು ಚಾಪೆಯ ಕಡೆ ನಡೆದಳು. ತಿಜಾನಿ ಮತ್ತೊಮ್ಮೆ ಕೈಯಲ್ಲೇ ಎರಡು ಸುತ್ತು ತಿರುಗಿಸಿದ, ಎರಡಕ್ಕೆ ಮನಸ್ಸು ಒಪ್ಪದೆ ನಾಲ್ಕು ಸುತ್ತು. ಗಾಡಿ ಹತ್ತಿ, ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದ. ಇಂಜಿನ್ನು ಒಮ್ಮೆ ಗಂಟಲು ಸರಿಪಡಿಸಿಕೊಂಡು, ಹೊಟ್ಟೆ ತುಂಬಿದ ಎಮ್ಮೆಯಂತೆ ಗುಡುಗುಡು ಎನ್ನತೊಡಗಿತು. ಕೆಮ್ಮು ಇರಲಿಲ್ಲ. ಹಲೂಮಾ ನಾಲಿಗೆ ಆಡಿಸಿ ಮದುವೆ ಮನೆಯ ಕೇಕೆ ಹಾಕಿದಳು. ಬೇಲಿಯ ಹೆಂಗಸರು ಅದನ್ನೆತ್ತಿಕೊಂಡರು. ಆಚೆಯ ತೋಟದವರು ತಿಜಾನಿಯ ಮನೆಯಲ್ಲಿ ಯಾರದೋ ನಿಶ್ಚಿತಾರ್ಥವೆಂದು ತಿಳಿದರು.

ಗುರುವಾರ ಏಳೂವರೆಗೇ ಹದಿನಾಲ್ಕು ಚೀಲಗಳು ಗಾಣದ ಅಂಗಳದಲ್ಲಿದ್ದವು. ಹತ್ತರ ಹೊತ್ತಿಗೆ ಹೊಸ ಎಣ್ಣೆ ಹಸಿರಾಗಿ, ದಪ್ಪಗೆ, ನೊರೆ ನೊರೆಯಾಗಿ ಇಳಿಯಿತು. ಮನೆಯ ತಬೂನಾ ರೊಟ್ಟಿಯ ಮೊದಲ ತುಂಡನ್ನು ಅದರಲ್ಲಿ ಅದ್ದಿದ್ದು ಶೆಲ್ಬಿಯಾ ಅತ್ತೆ. ಗಂಟಲಿಗೆ ಖಾರ ತಾಗಿ ಕೆಮ್ಮು ಬಂತು. ಕೆಮ್ಮು ಬಂದರೆ ಎಣ್ಣೆ ಒಳ್ಳೆಯದು. ಅವಳು ಮೂರು ಸಲ ಕೆಮ್ಮಿದಳು. ತಿಜಾನಿಗೆ ಸ್ವರ್ಗದ ಬಾಗಿಲ ಕೀಲು ತಿರುಗಿದಂತೆ ಕೇಳಿಸಿತು.

ತನ್ನ ಚೀಲಗಳನ್ನು ತಂದಿದ್ದ ಲಸ್ಸಾದ್ ವ್ಯಾನಿನ ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, "ಸರಿಯಾಗೇ ಕೂರಿಸಿದೀಯ ಮಾರಾಯ. ಬೋಲ್ಟು ಎಲ್ಲಿ ಸಿಕ್ತು?" ಎಂದ. ತಿಜಾನಿ ನಿಜ ಹೇಳಿದ. ಆ ಊರಿನಲ್ಲಿ ಆ ನಿಜವನ್ನು ನಂಬಿದ ಒಬ್ಬನೇ ಮನುಷ್ಯ ಲಸ್ಸಾದ್. ಅವನು ನಕ್ಕು ನಕ್ಕು ಚೀಲದ ಮೇಲೆ ಕೂತ.

ಅತ್ತೆ ಮಾತ್ರ ನಗಲಿಲ್ಲ. ಬೆರಳು ಒರೆಸಿಕೊಂಡು ಸೊಂಟದ ಗಂಟಿನಿಂದ ಮೂರು ಕೊಂಬು ತೆಗೆದು ತಿಜಾನಿಯ ಮುಂದೆ ಹಿಡಿದಳು. ಒಂದಕ್ಕೆ ಬಾಯಿಯಿಂದ ತುದಿಯವರೆಗೆ ಸೀಳು.

"ಎರಡೂವರೆ" ಎಂದಳು.

"ಹೊಸದು ಕೊಡಿಸ್ತೀನಿ ಅತ್ತೆ. ಈ ವಾರದಲ್ಲೇ. ನನ್ನ ತಲೆ ಮೇಲೆ."

"ನಿನ್ನ ತಲೆ ಮೇಲೆ ಕೊಂಬಿದ್ದಿದ್ರೆ ಈಗಲೇ ಮುರ್ಕೋತಿದ್ದೆ."

ತಿಜಾನಿ ಶುಕ್ರವಾರ ಕಟುಕನ ಬಳಿ ಹೋದ. ಟಗರಿನ ಕೊಂಬು ಎಂದರೆ ನಾಯಿಗೂ ಬೇಡದ ವಸ್ತು, ಹಿಂದೆ ಬಂದು ಎತ್ತಿಕೊಂಡು ಹೋಗಿ ಎಂದು ಕಟುಕನೇ ಗೋಗರೆಯುತ್ತಿದ್ದ. ಈಗ ಅವನು ಕೈ ಝಾಡಿಸಿದ.

"ಒಂದೂ ಇಲ್ಲ ಸೀ ತಿಜಾನಿ. ಬುಧವಾರ ಸಂಜೆಯಿಂದ ಊರಿಗೂರೇ ಬಂದು ಒಯ್ದಿದೆ. ಮುಂದಿನ ವಾರದ ಟಗರು ಇನ್ನೂ ಮೇಯ್ತಾ ಇದೆ, ಅದರ ಕೊಂಬು ಬುರಾವಿಗೆ ಅಂತ ಹೇಳಿಟ್ಟಾಗಿದೆ."

ಪಕ್ಕದ ಊರಿಗೆ ಹೋದ. ಅಲ್ಲೂ ಸುದ್ದಿ ಮೊದಲೇ ತಲುಪಿತ್ತು. ತಿರುಗಿ ಬಂದರೆ, ತನ್ನೂರಿನ ಕಾಫಿ ಅಂಗಡಿಯ ಮುಂದೆ ಸಾಲಾಗಿ ನಿಂತ ಗಾಡಿಗಳಲ್ಲಿ ಕೊಂಬಿಲ್ಲದ್ದು ಒಂದೇ, ಅದು ತಿಜಾನಿಯದು. ಸೀಳಿದ್ದು ನಡುಬೆರಳಿಗೆ ನಿಲ್ಲದೆ, ಇನ್ನೊಂದು ವಾರ ಅತ್ತೆ ಎರಡೇ ಕೊಂಬಿನಲ್ಲಿ ಬುರಾವಿಯ ತೋಟದ ಕಾಯಿ ಬಿಡಿಸಿದಳು. ಪ್ರತಿ ಬೆಳಿಗ್ಗೆ ತಿಜಾನಿಯ ಬಾಗಿಲ ಮುಂದೆ ಹಾಯುವಾಗ ಬರಿಯ ನಡುಬೆರಳನ್ನು ಎತ್ತಿ ತೋರಿಸಿಕೊಂಡು ಹೋಗುತ್ತಿದ್ದಳು.

ಮುಂದಿನ ಶುಕ್ರವಾರ ಮಧ್ಯಾಹ್ನ ತಿಜಾನಿ ಅವಳನ್ನು ವ್ಯಾನಿನಲ್ಲಿ ಸಂತೆಯಿಂದ ಕರೆತರುತ್ತಿದ್ದ. ಮಸೀದಿಯ ಮುಂದೆ ನಮಾಜು ಬಿಟ್ಟು ಜನ ಹೊರಬರುತ್ತಿದ್ದರು. ಅಲ್ಲಿ ಉಮ್ದಾರ ಕಾರು ನಿಂತಿತ್ತು. ಅದರ ಮುಂಭಾಗಕ್ಕೆ ಹೊಳೆಯುವ ಸರಕಾರಿ ಬಿಲ್ಲೆಯ ಪಕ್ಕದಲ್ಲೇ ತಂತಿಯಿಂದ ಒಂದು ಕೊಂಬು ಕಟ್ಟಿತ್ತು.

"ನಿಲ್ಲಿಸು" ಎಂದಳು ಅತ್ತೆ.

ಅವಳು ಇಳಿದಳು. ಕುಂಟುತ್ತ ಕಾರಿನ ಮುಂದೆ ಹೋಗಿ ಬಗ್ಗಿದಳು. ತಂತಿಯನ್ನು ನಾಲ್ಕು ಸುತ್ತು ಬಿಚ್ಚಿ ಕೊಂಬು ತೆಗೆದಳು. ಉಮ್ದಾ ಮಸೀದಿಯ ಮೆಟ್ಟಿಲ ಮೇಲೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಅವರ ಸುತ್ತ ಇಪ್ಪತ್ತು ಜನ. ಆ ಕೊಂಬು ನನ್ನದು ಎಂದು ಅಷ್ಟು ಜನರ ಮುಂದೆ ಹೇಳಲು ಸರಕಾರಕ್ಕೆ ಬಾಯಿ ಬರಲಿಲ್ಲ.

ಅತ್ತೆ ಅದನ್ನು ನಡುಬೆರಳಿಗೆ ತೊಟ್ಟು, ಬೆರಳು ಮಡಿಸಿ, ಚಾಚಿ, ಗಾಳಿಯಲ್ಲಿ ಒಂದು ರೆಂಬೆ ಸವರಿ ನೋಡಿದಳು.

"ಸ್ವಲ್ಪ ಸಡಿಲ. ಸವೆದರೆ ಸರಿಹೋಗ್ತದೆ" ಎಂದು ವ್ಯಾನು ಹತ್ತಿ ಬಾಗಿಲು ಹಾಕಿಕೊಂಡಳು. "ನಡಿ ತಿಜಾನಿ. ಮೂರಾಯ್ತು."

ಹಿಂದಿನಿಂದ ಉಮ್ದಾರ ಕಾರು ಸ್ಟಾರ್ಟ್ ಆಗದೆ ಗೊರಗೊರ ಎನ್ನುವುದು ಕೇಳಿಸಿತು. ತಿಜಾನಿ ಕನ್ನಡಿಯಲ್ಲಿ ಕೂಡ ಆ ಕಡೆ ನೋಡಲಿಲ್ಲ.